ಕೈ ಹಿಡಿಯುವ ಪರೀಕ್ಷೆ

ನಮ್ಮೂರ ಆಸ್ಪತ್ರೆಯಲ್ಲಿ ಸೋತ ಹೃದಯಕ್ಕೆ ಈಗ ಯಂತ್ರ ಹಚ್ಚುವುದಿಲ್ಲ. ನರ್ಸ್ ರೋಗಿಯ ಕೈ ಹಿಡಿದು ಕೂರುತ್ತಾಳೆ. ಆಕೆಯ ಎದೆ ಹೇಗೆ ಬಡಿಯುತ್ತದೋ ರೋಗಿಯದೂ ಹಾಗೇ ಬಡಿಯುತ್ತದೆ. ಹೀಗಾಗಿ ತರಬೇತಿಯಲ್ಲಿ ಕಲಿಸುವುದು ಗಾಬರಿಯಾಗದಿರುವುದನ್ನು ಮಾತ್ರ. ಪಾಠದ ನಡುವೆ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸುತ್ತಾರೆ. ಹೊಸದಾಗಿ ಮದುವೆ ಗೊತ್ತಾದ ನರ್ಸ್‌ಗಳನ್ನಂತೂ ವಾರ್ಡಿನೊಳಗೆ ಬಿಡುವುದೇ ಇಲ್ಲ. ಅವರು ಕೈ ಹಿಡಿದರೆ ಮುದುಕರು ಸುಮ್ಮಸುಮ್ಮನೆ ನಾಚಿಕೊಳ್ಳುತ್ತಾರೆ.

ಶಿವಲೀಲಾಳ ಕೊನೆಯ ಪರೀಕ್ಷೆಗೆ ಸಿಕ್ಕ ರೋಗಿ ದ್ಯಾಮಪ್ಪ, ನಿವೃತ್ತ ಬಸ್ ಕಂಡಕ್ಟರ್. ಆಕೆ ಅವನ ಕೈ ಹಿಡಿದಳು. ಪರೀಕ್ಷಕಿ ಸುಗಂಧಾ ಮೇಡಂ ಕನ್ನಡಕ ಏರಿಸಿ ಪಕ್ಕದಲ್ಲಿ ನಿಂತದ್ದೇ ತಡ, ಶಿವಲೀಲಾಳ ಎದೆ ಓಡತೊಡಗಿತು. ದ್ಯಾಮಪ್ಪನದೂ ಬೆನ್ನಿಗೇ ಓಡಿತು. ಅವನ ತುಟಿ ನೀಲಿಗಟ್ಟಿತು.

"ಹೋಲ್ಡಾನ್, ಯವ್ವಾ!" ಎಂದ ಅವನು, ಬಸ್ ನಿಲ್ಲಿಸುವವನಂತೆ, ಏದುಸಿರು ಬಿಡುತ್ತಾ. "ಇಷ್ಟ ಜೋರ ಎಲ್ಲಿಗಿ ಹೊಂಟೀ?"

"ಫೇಲಾದ್ರ ಹೆಂಗರೀ ಅಜ್ಜಾ?"

"ನೀ ಫೇಲಾದ್ರ ಇನ್ನೊಮ್ಮಿ ಪರೀಕ್ಷಾ ಕಟ್ತೀ. ನಾ ಫೇಲಾದ್ರ ಎಲ್ಲಿ ಕಟ್ಲಿ?"

ಶಿವಲೀಲಾ ತಡೆಯಲಾಗದೆ ನಕ್ಕಳು. ನಕ್ಕ ಮೇಲೆ ಉದ್ದನೆಯ ಉಸಿರು ಬಂತು, ಎದೆ ನಿಧಾನವಾಯಿತು. ದ್ಯಾಮಪ್ಪನ ತುಟಿಗೂ ಬಣ್ಣ ಮರಳಿತು.

"ರೈಟ್," ಎಂದು ಕಣ್ಣು ಮುಚ್ಚಿದ ಅವನು.

ಸುಗಂಧಾ ಮೇಡಂ ಬಾಗಿಲತ್ತ ನಡೆದರು. "ನಾ ಹೊರಗ ನಿಲ್ತೀನಿ. ನನ್ನ ಮಾರಿ ಇಬ್ರಿಗೂ ಆಗಿಬರಂಗಿಲ್ಲ."

"ಮೇಡಂ, ನಾ ಪಾಸೇನ್ರೀ?"

"ಪಾಸಾದದ್ದು ಅಜ್ಜ. ಅವನ ಕೈ ಹಿಡಕೊಂಡೀಯಲ್ಲ, ಅದಕ್ಕ ನೀನೂ ಪಾಸು. ಬಿಟ್ಟಗಿಟ್ಟೀ ಮತ್ತ!"