ಖರ್ಚಿಗೊಂದು ಗುಂಡಿ

ಬಲ್ಬ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದ ಮೇಲ್ವಿಚಾರಕಿಗೆ ಬರಬೇಕಾದ ಬಡ್ತಿಯನ್ನು ಮಾಲೀಕರ ಅಳಿಯನಿಗೆ ಕೊಟ್ಟರು. ಅವನಿಗೆ ಕೆಲಸ ಕಲಿಸುವ ಹೊಣೆಯನ್ನು ಅವಳಿಗೇ ಹೊರಿಸಿದರು. ಅವಳ ಸಿಟ್ಟು ಇಳಿಸಲು ಒಬ್ಬ ಕೋಚ್‌ನನ್ನು ನೇಮಿಸಿದರು.

ಆಟದ ಕೋಚ್ ಅಲ್ಲ. ಎದುರು ಕೂತು, ಪ್ರಶ್ನೆ ಕೇಳಿ, ಜನ ತಮ್ಮ ದಾರಿ ತಾವೇ ಕಂಡುಕೊಳ್ಳುವಂತೆ ಮಾಡುವುದು ಇವನ ಕಸುಬು. ಮೊದಲ ಭೇಟಿಯನ್ನು ಮೇಲ್ವಿಚಾರಕಿಯ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಂಡು, ತನ್ನಂಥ ಕೋಚ್‌ಗಳನ್ನು ತಿದ್ದುವ ಹಿರಿಯಳ ಮನೆಗೆ ಬಂದಿದ್ದ. ಕಸುಬಿನವರಿಗೆಲ್ಲ ಅವಳು ಅಕ್ಕ. ಅಕ್ಕನ ಮೇಜಿನ ಮೇಲೊಂದು ಸ್ಟೀಲ್ ಬಟ್ಟಲು, ಪಕ್ಕದಲ್ಲಿ ಹಳೆ ಅಂಗಿಗಳಿಂದ ಕಿತ್ತಿಟ್ಟ ಗುಂಡಿಗಳ ಡಬ್ಬಿ. ರೆಕಾರ್ಡಿನಲ್ಲಿ ಕೋಚ್ ಒಂದು ಬುದ್ಧಿಮಾತು ಹೇಳಿದರೆ ಬಟ್ಟಲಿಗೆ ಒಂದು ಗುಂಡಿ.

ಟಣ್. ಟಣ್. ಟಣ್.

"ಅಕ್ಕ, ಅದು ಪ್ರಶ್ನೆ! 'ಆ ಅಳಿಯನನ್ನ ನಿಮ್ಮ ತಮ್ಮ ಅಂದ್ಕೊಂಡ್ರೆ ಹೇಗಿರುತ್ತೆ?' ಅಂತ ಕೇಳಿದೆ, ಅಷ್ಟೇ."

"ಬುದ್ಧಿಮಾತಿಗೆ ಪ್ರಶ್ನೆಯ ಅಂಗಿ ತೊಡಿಸಿದ್ದೀಯ. ಗುಂಡಿ ಮಾತ್ರ ನಂದು." ಟಣ್.

ಅಷ್ಟರಲ್ಲಿ ರೆಕಾರ್ಡಿನಲ್ಲಿ ಮೇಲ್ವಿಚಾರಕಿಯ ದನಿ: "ಸಾರ್, ನಿಜ ಹೇಳ್ಲಾ..." ಎರಡು ಸೆಕೆಂಡು ಮೌನ. ಹಿಂದೆಯೇ ಕೋಚ್‌ನ ದನಿ: "ಮೊದ್ಲು ಉದ್ದಕ್ಕೆ ಉಸಿರು ತಗೊಳ್ಳಿ!"

ಅಕ್ಕ ರೆಕಾರ್ಡ್ ನಿಲ್ಲಿಸಿದಳು. "ಏನೋ ಹೇಳೋಕೆ ಬಾಯಿ ತೆಗೆದಿದ್ದಳಲ್ಲೋ. ಯಾಕೆ ಅಡ್ಡ ಹಾಕಿದೆ?"

"ಅತ್ತುಬಿಟ್ರೆ ಅಂತ ಭಯ ಆಯ್ತು."

"ಅಳ್ತಾಳೆ ಅಂತ ಭಯವೋ, ಮಾತಾಡ್ತಾಳೆ ಅಂತ ಭಯವೋ?"

ಕೋಚ್ ತಲೆ ಕೆರೆದುಕೊಂಡ. "ಇವಳು ತಣ್ಣಗಾದ್ರೆ ಕಾರ್ಖಾನೆಯವರು ಇನ್ನೂ ಇಪ್ಪತ್ತು ಜನರನ್ನ ನನ್ನ ಹತ್ರಾನೇ ಕಳಿಸ್ತಾರಂತೆ ಅಕ್ಕ."

"ಅಂತೂ ಬಾಯಿಬಿಟ್ಟೆ!" ಅಕ್ಕ ಗೊಳ್ಳೆಂದು ನಕ್ಕಳು. ಬಟ್ಟಲು ತುಂಬ ಬಿದ್ದಿದ್ದ ಗುಂಡಿಗಳನ್ನು ಡಬ್ಬಿಗೆ ಸುರಿದು, ಕೆಂಪನೆಯದೊಂದನ್ನು ಹೆಕ್ಕಿ ಅವನ ಅಂಗೈಯಲ್ಲಿಟ್ಟಳು. "ಮುಂದಿನ ಭೇಟಿಗೆ ನಿನ್ನ ಖರ್ಚಿಗೆ ಇದೊಂದೇ. ಒಂದೇ ಒಂದು ಬುದ್ಧಿಮಾತು. ಜೋಪಾನವಾಗಿ ಬಳಸು."

"ಈಗ ನೀವು ಹೇಳಿದ್ದು ಬುದ್ಧಿಮಾತಲ್ವಾ?"

"ಅಯ್ಯೋ, ತರಲೆ!" ಅಕ್ಕ ತನ್ನ ಲೆಕ್ಕಕ್ಕೂ ಒಂದು ಹಾಕಿಕೊಂಡಳು. ಟಣ್.

ಕಾರ್ಖಾನೆಯಲ್ಲಿ ನಡೆದ ಎರಡನೆಯ ಭೇಟಿಯಲ್ಲಿ ಕೋಚ್ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತ. "ನಿಜ ಹೇಳ್ಲಾ ಸಾರ್..." ಅಂದ ಮೇಲ್ವಿಚಾರಕಿ ಮತ್ತೆ ಸುಮ್ಮನಾದಳು. ಫ್ಯಾನ್ ಕಿರಗುಟ್ಟುತ್ತಿತ್ತು. ಇವನ ನಾಲಿಗೆ ತುದಿಗೆ ಉಸಿರಾಟದ ಪಾಠ ಬಂದು ಕೂತಿತ್ತು. ನುಂಗಿಕೊಂಡ. ಮುಷ್ಟಿ ಬಿಗಿಮಾಡಿದ. ಒಂದು ನಿಮಿಷವಾದರೂ ಕಳೆದಿರಬೇಕು.

"ನನ್ನ ಸಿಟ್ಟು ಇಳಿಯೋದು ಬೇಡ ಸಾರ್. ಹದಿನಾಲ್ಕು ವರ್ಷಕ್ಕೆ ಈಗ ಬಂದಿದೆ, ನಾಲ್ಕು ದಿನ ಇರ್ಲಿ ಬಿಡಿ. ಆ ಮಹಾರಾಯ ಪೆಟ್ಟಿಗೆ ತಲೆಕೆಳಗಿಟ್ಕೊಂಡು ಬಲ್ಬ್ ತುಂಬ್ತಾನೆ! ನಾನಂತೂ ಕಲಿಸಲ್ಲ." ಹೇಳಿದವಳಿಗೇ ನಗು ಬಂತು. ಕೋಚ್‌ಗೂ ತಡೆಯಲಾಗಲಿಲ್ಲ.

ನಗು ಕೇಳಿ ಮ್ಯಾನೇಜರ್ ಬಾಗಿಲು ತಳ್ಳಿಕೊಂಡು ಬಂದರು. "ಏನ್ ಕೋಚ್ ಸಾಹೇಬ್ರೇ, ತಣ್ಣಗಾದ್ರಾ ನಮ್ಮ ಮೇಡಂ?"

"ಕಲಿಸಲ್ಲ ಅಂದೆ ಸಾರ್," ಮೇಲ್ವಿಚಾರಕಿಯೇ ಹೇಳಿದಳು.

ಮ್ಯಾನೇಜರ್ ಕೋಚ್ ಕಡೆ ತಿರುಗಿದರು. "ಕಲಿಸು ಅಂತ ಹೇಳ್ರೀ ಇವರಿಗೆ. ನಿಮ್ಮನ್ನ ಕರೆಸಿರೋದೇ ಬುದ್ಧಿ ಹೇಳೋಕೆ. ಆ ಇಪ್ಪತ್ತು ಜನದ ವಿಷಯ ನೆನಪಿದೆ ತಾನೇ?"

ಕೋಚ್ ಮುಷ್ಟಿ ಬಿಚ್ಚಿದ. ಬೆವರಿಗೆ ಒದ್ದೆಯಾಗಿದ್ದ ಕೆಂಪು ಗುಂಡಿಯನ್ನು ಮೇಜಿನ ಮೇಲಿಟ್ಟು ಮ್ಯಾನೇಜರ್ ಮುಂದಕ್ಕೆ ಸರಿಸಿದ.

"ಇವರಿಗೆ ಹೇಳಲ್ಲ ಸಾರ್. ನನ್ನ ಹತ್ರ ಇರೋದು ಒಂದೇ ಬುದ್ಧಿಮಾತು. ಅದು ನಿಮಗೆ."