ಪಾಸಾದ ಗೋಡೆ

ಬಿಸಿಲಿಗೇ ಜೀವ ಹೋಗುವ ಆ ಊರಿನಲ್ಲಿ ಮನೆಗಳ ಗೋಡೆಗಳೆಲ್ಲ ಕಾವು ತಡೆಯುವ ಫೋಮಿನವೇ. ಹೊಸ ಫೋಮು ಮಾರಬೇಕಾದರೆ ಅದನ್ನು ಮಾಡಿದವನು ಅದರದೇ ಕೋಣೆಯೊಳಗೆ ಕೂರಬೇಕು, ತಪಾಸಣೆಯವರು ಹೊರಗಿನಿಂದ ಗೋಡೆಗೆ ಬೆಂಕಿಯಿಡಬೇಕು; ಅದು ಕಾನೂನು. ಅಂದು ತಾನು ಮಾಡಿದ ಫೋಮಿನ ಕೋಣೆಯೊಳಗೆ ಕೂತ ಗಂಡ ರೇವಣಪ್ಪನಿಗೆ ಗೌರಾಬಾಯಿ ಎಂದಿನಂತೆ ಬುತ್ತಿ ಕಟ್ಟಿಕೊಂಡು ಬಂದು ಹೊರಗೆ ಕಾದಳು.

ತಪಾಸಣೆಯ ಸಾಹೇಬ ಗೋಡೆಗೆ ಗ್ಯಾಸ್ ಬರ್ನರ್ ಹಿಡಿದ. ಫೋಮು ಕರ್ರಗಾಯಿತು, ಉರಿಯಲಿಲ್ಲ. ಒಳಗಿನಿಂದ ಬಾಗಿಲು ಗುದ್ದುವ ಸದ್ದು ಕೇಳಿತು, ಆಮೇಲೆ ನಿಂತಿತು. ಚಿಲಕ ತೆಗೆದಾಗ ದಟ್ಟ ಹೊಗೆಯ ಜೊತೆ ರೇವಣಪ್ಪನ ಹೆಣ ಹೊರಗೆ ಉರುಳಿತು. ಮೈಮೇಲೆ ಒಂದೂ ಸುಟ್ಟ ಬೊಬ್ಬೆಯಿಲ್ಲ, ಬಾಯ್ತುಂಬ ಕಪ್ಪು ನೊರೆ.

"ಗ್ವಾಡಿಗಿ ಬೆಂಕಿ ಹತ್ತಿಲ್ಲ ತಂಗಿ, ಪಾಸಾತು," ಎಂದು ಸಾಹೇಬ ಗೋಡೆಗೆ ಮುದ್ರೆ ಒತ್ತಿದ. "ಹೊಗಿ ನೋಡೂದು ನಮ್ಮ ಕೆಲಸ ಅಲ್ಲ."

ಗೌರಾಬಾಯಿ ಅವನ ಕೊರಳಪಟ್ಟಿ ಹಿಡಿದು ಕೋಣೆಯೊಳಗೆ ನೂಕಿ, ಚಿಲಕ ಹಾಕಿ, ಬರ್ನರ್ ಎತ್ತಿಕೊಂಡಳು.

"ಅಂಜಬ್ಯಾಡ್ರಿ ಸಾಹೇಬ್ರ. ಪಾಸಾದ ಗ್ವಾಡಿ ಅದ."