ಹೆಸರಿಗೊಂದು ಮಣೆ

“ಎಂತದಮ್ಮ ಇದು? ನಲವತ್ತೊಂದು ಸಹಿನೂ ನೀವೊಬ್ರೇ ಕೂತು ಹಾಕಿದ್ದೀರಲ್ಲ” ಎಂದು ಪಿಡಿಒ ಚನ್ನೇಶ್ ಅರ್ಜಿಯನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದರು.

ಚೈತ್ರಶ್ರೀ ಹಾಳೆಯ ಮೇಲೆ ಬಾಗಿದಳು. ಸೊರಬದ ಕಡೆಯಿಂದ ಈ ಪಂಚಾಯಿತಿಗೆ ಬಂದು ಎರಡೇ ತಿಂಗಳಾಗಿದ್ದ ಚನ್ನೇಶ್ ಕೆಟ್ಟವರಲ್ಲ, ಆದರೆ ಮೊಸರಿನಲ್ಲಿ ಕಲ್ಲು ಹುಡುಕುವ ಪೈಕಿ. ಪೆನ್ನಿನ ತುದಿಯಿಂದ ಒಂದೊಂದೇ ಸಹಿ ತೋರಿಸಿದರು. ಮಾಳಮ್ಮ, ಹಾಲಮ್ಮ, ರತ್ನಮ್ಮ, ಸಂಗೀತ. ಎಲ್ಲ ಅಕ್ಷರವೂ ಎಡಕ್ಕೆ ಒಂದಿಷ್ಟು ವಾಲಿತ್ತು. ಎಲ್ಲ ಹೆಸರಿನಲ್ಲೂ ಕೊನೆಯ ಅಕ್ಷರದ ಬಾಲ ಹಿಂದಕ್ಕೆ ತಿರುಗಿ, ಹೆಸರಿನ ಅಡಿಯಲ್ಲೇ ಉದ್ದಕ್ಕೆ ಹರಿದು, ಮೊದಲ ಅಕ್ಷರದ ಕೆಳಗೆ ಬಂದು ನಿಂತಿತ್ತು. ಯಾವ ಊರಿನಲ್ಲಿ ನಲವತ್ತೊಂದು ಜನ ಹೀಗೆ ಒಂದೇ ಥರ ಬರೆಯುತ್ತಾರೆ ಎಂಬುದು ಅವರ ಪ್ರಶ್ನೆ. ಸುಳ್ಳು ಸಹಿ ಎಂದು ತಾಲ್ಲೂಕಿಗೆ ಬರೆದರೆ ಕಷ್ಟ ನಿಮಗೇ ಎಂದೂ ಸೇರಿಸಿದರು.

ಅರ್ಜಿ ಇದ್ದದ್ದು ಸಮುದಾಯ ಭವನದ ಪಕ್ಕದ ಕೋಣೆಯ ಬಗ್ಗೆ. ಚೈತ್ರಶ್ರೀಯ ಅಜ್ಜಿ ನೀಲಾಂಬಿಕ ಮೂವತ್ತೆರಡು ವರ್ಷ ಅಲ್ಲಿ ಊರಿನ ಹೆಂಗಸರಿಗೆ ಓದು ಬರಹ ಕಲಿಸಿದ್ದರು. ಎರಡು ತಿಂಗಳ ಹಿಂದೆ ಅಜ್ಜಿ ಲಿಂಗೈಕ್ಯರಾದ ಮೇಲೆ ತರಗತಿಯನ್ನು ಮೊಮ್ಮಗಳು ನಡೆಸುತ್ತಿದ್ದಳು. ಹೋದ ವಾರದ ಸಭೆಯಲ್ಲಿ ಆ ಕೋಣೆಯನ್ನು ನೀರಿನ ಪೈಪು, ಬ್ಲೀಚಿಂಗ್ ಪೌಡರ್ ಚೀಲ ಇಡುವುದಕ್ಕೆಂದು ಗೊತ್ತುಮಾಡಿದ್ದರು. ಬೀಗದ ಕೈಯನ್ನು ಅವಳು ಇವತ್ತೇ ಒಪ್ಪಿಸಬೇಕಿತ್ತು. ಕೋಣೆಯನ್ನು ತರಗತಿಗೇ ಉಳಿಸಿಕೊಡಿ ಎಂಬುದು ಅರ್ಜಿಯ ಕೋರಿಕೆ.

ಎಲ್ಲರ ಕೈಬರಹ ಒಂದೇ ಥರ ಯಾಕೆ ಎಂಬುದನ್ನು ಅವಳು ವಿವರಿಸಿ ಹೇಳಿದಳು. ಅಜ್ಜಿ ಕರಿಹಲಗೆಯ ಮುಂದೆ ನಿಂತು ಪಾಠ ಮಾಡಿದವರಲ್ಲ. ಕಲಿಯುವವರ ಬೆನ್ನ ಹಿಂದೆ ಕೂತು, ಅವರ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಬರೆಸುವವರು. ಬೆಳಿಗ್ಗೆ ಅಂಗೈಯಲ್ಲಿ ಲಿಂಗ, ಸಂಜೆ ಅಂಗೈಯಲ್ಲಿ ಇನ್ನೊಬ್ಬರ ಕೈ. ಎರಡೂ ಪೂಜೆಯೇ, ಎರಡರಲ್ಲೂ ಅವಸರ ಮಾಡಬಾರದು ಎನ್ನುತ್ತಿದ್ದರು. ಆ ಬಾಲ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ, ಅಜ್ಜಿಯದೇ ಕುಸುರಿ. ಮನೆಗೆ ಬಂದವರಿಗೆ ಕೂರಲು ಮಣೆ ಹಾಕುತ್ತೇವೆ, ಹೆಸರು ಮಾತ್ರ ಯಾಕೆ ನಿಂತೇ ಇರಬೇಕು ಎಂಬುದು ಅವರ ತರ್ಕ. ತಪ್ಪು ಎಂದು ಶಾಲೆಯ ಮೇಷ್ಟ್ರು ಒಮ್ಮೆ ಹೇಳಿದಾಗ ಹೌದು ಹೌದು ಎಂದು ಒಪ್ಪಿಕೊಂಡು, ಮಾರನೆಯ ದಿನವೂ ಮಣೆ ಹಾಕಿಸಿದ್ದರು. ಈಗ ಆ ಹೆಂಗಸರ ಮಕ್ಕಳೂ ಮೊಮ್ಮಕ್ಕಳೂ ಕಾಪಿ ಪುಸ್ತಕದಲ್ಲಿ ಮಣೆ ಹಾಕಿ, ಕೆಂಪು ಶಾಯಿಯ ಗೀಟು ತಿಂದು ಬರುತ್ತಾರೆ.

“ಕಥೆ ಚೆನ್ನಾಗಿದೆ. ಆದ್ರೆ ಕಥೆ ಮೇಲೆ ಸೀಲ್ ಒತ್ತಕ್ಕೆ ಬರಲ್ಲ” ಎಂದರು ಚನ್ನೇಶ್.

ಚೈತ್ರಶ್ರೀ ಹೊರಗೆ ಬಂದು ಮಾಳಮ್ಮನಿಗೆ ಫೋನು ಮಾಡಿದಳು. ಮಾಳಮ್ಮ ಆಗಷ್ಟೇ ಕೆರೆಯಂಗಳದಲ್ಲಿ ಕುರಿ ಬಿಟ್ಟಿದ್ದಳು. ಅವುಗಳನ್ನು ಗಂಡ ಧರ್ಮಪ್ಪನ ತಲೆಗೆ ಕಟ್ಟಿ, ಕೈಯಲ್ಲಿದ್ದ ಕೋಲಿನ ಸಮೇತ ಬಂದೇ ಬಿಟ್ಟಳು. ಬರುವ ದಾರಿಯಲ್ಲಿ ಮನೆಮನೆಗೂ ಕೂಗು ಹಾಕಿದ್ದಳು. ಶಿಕಾರಿಪುರದ ಸಂತೆಗೆ ಹೋದವರನ್ನು ಬಿಟ್ಟು ಮೂವತ್ತು ಜನ ಪಂಚಾಯಿತಿ ಜಗುಲಿಯಲ್ಲಿ ಸೇರಿದರು. ಕೈ ಮೇಲಿನ ರೊಟ್ಟಿ ಹಿಟ್ಟನ್ನೂ ತೊಳೆಯದೆ ಓಡಿಬಂದವರಿದ್ದರು.

ಮಾಳಮ್ಮ ಕೋಲನ್ನು ಕಂಕುಳಿಗೆ ಸಿಕ್ಕಿಸಿ, ನಾಲಿಗೆಯ ತುದಿ ಕಚ್ಚಿಕೊಂಡು, ಖಾಲಿ ಹಾಳೆಯ ಮೇಲೆ ಹೆಸರು ಬರೆದು ಮಣೆ ಹಾಕಿದಳು. ಅವಳ ಹಿಂದೆ ರತ್ನಮ್ಮ. ನೋಡಿ ಬರೆಯುತ್ತಿರಬಹುದೆಂದು ಚನ್ನೇಶ್ ಹಾಲಮ್ಮನನ್ನು ಬೀರುವಿನ ಆಚೆ ಬೇರೆ ಕೂರಿಸಿದರು. ಅಲ್ಲಿಂದಲೂ ಅದೇ ವಾಲಿಕೆ, ಅದೇ ಬಾಲ ಹೊರಬಂತು. ಒಂಬತ್ತನೆಯವಳ ಹೊತ್ತಿಗೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹದಿನಾಲ್ಕನೆಯವಳಿಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಇಪ್ಪತ್ತಾದ ಮೇಲೆ ತಡೆಯಲಾಗದೆ ನಕ್ಕುಬಿಟ್ಟರು.

ಅಜ್ಜಿಯನ್ನು ಸಮಾಧಿಗೆ ಇಳಿಸಿದ ದಿನ ಚೈತ್ರಶ್ರೀ ಹೆಚ್ಚು ಅತ್ತದ್ದು ಆ ಕೈ ನೆನೆದು. ಈಗ ಅದೇ ಕೈ ಮೂವತ್ತು ಜನರಲ್ಲಿ ಸರತಿಯಲ್ಲಿ ನಿಂತು ಸಹಿ ಹಾಕುತ್ತಿತ್ತು. ಅವಳಿಗೆ ಹೇಳಲಾರದಷ್ಟು ಖುಷಿಯಾಯಿತು, ಕಣ್ಣೂ ತುಂಬಿ ಬಂತು.

ಪೈಪುಗಳಿಗೆ ಬೇರೆ ಜಾಗ ನೋಡುವುದು, ಸಭೆ ಮತ್ತೆ ಸೇರುವ ತನಕ ಬೀಗದ ಕೈ ಚೈತ್ರಶ್ರೀಯವರ ಬಳಿಯೇ ಇರತಕ್ಕದ್ದು ಎಂದು ಚನ್ನೇಶ್ ಅರ್ಜಿಯ ಅಂಚಿನಲ್ಲಿ ಬರೆದರು. ಸೀಲು ಒತ್ತಿ, ಅದರ ಪಕ್ಕದಲ್ಲಿ ಕೋಳಿ ಕೆದರಿದಂತೆ ಸರ್ರನೆ ಒಂದು ಸಹಿ ಎಳೆದರು.

ಮಾಳಮ್ಮ ಹಾಳೆ ತೆಗೆದುಕೊಂಡಳು. ದೂರ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು.

“ಸಾಹೇಬ್ರೆ, ಇದ್ರಾಗೆ ನಿಮ್ ಹೆಸ್ರು ಎಲ್ಲೈತ್ರಿ?”

“ಅದೇ ಅಲ್ವನಮ್ಮ, ಚನ್ನೇಶ್ ಅಂತ.”

ಹಾಳೆ ಹೆಂಗಸರ ಕೈಯಿಂದ ಕೈಗೆ ಹೋಗಿ ವಾಪಸು ಬಂತು. ಓದಲು ಯಾರಿಗೂ ಆಗಲಿಲ್ಲ. ಮಾಳಮ್ಮ ಮೇಜಿನ ಮೇಲೆ ಬಾಗಿ, ಬೇರೆಯವರಿಗೆ ಕೇಳಿಸದಂತೆ ದನಿ ತಗ್ಗಿಸಿದಳು.

“ನಾಚ್ಕೋಬ್ಯಾಡ್ರಿ, ಮೊದ್ಲು ನಾನೂ ಹಿಂಗೇ ಗೀಚ್ತಿದ್ದೆ. ನಾಳೆ ಸಂಜಿ ಆರಕ್ಕೆ ಬರ್ರಿ. ಸ್ಲೇಟು ನಾವೇ ಕೊಡ್ತೀವಿ.”